ಸೊಂಟ ಸವೆದ ಪಿನ್ನು

ಇವತ್ತು ಬೆಳಿಗ್ಗೆ ಚಹಾಕ್ಕೆ ಶುಂಠಿ ಕುಟ್ಟುತ್ತಿದ್ದಾಗ ಆ ವಾಸನೆ ಮತ್ತೆ ಬಂತು. ಶುಂಠಿಯದಲ್ಲ, ಅದರ ಹಿಂದೆ ಬರುವ ಕಬ್ಬಿಣದ್ದು. ಒದ್ದೆ ಕಬ್ಬಿಣ, ಹಳೆಯ ಗ್ರೀಸು, ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗದಂಥ ಏನೋ ಒಂದು. ನಮ್ಮ ಮನೆಯವರು ಆ ಚಹಾ ಕುಡಿದು ಯಾವತ್ತೂ ಏನೂ ಅಂದಿಲ್ಲ. ಅದು ನನ್ನೊಬ್ಬಳ ಮೂಗಿಗೇ ಬರುತ್ತದೋ ಏನೋ...

ನಾನು ಶುಂಠಿ ಕುಟ್ಟುವುದು ಒಂದು ಕಬ್ಬಿಣದ ಪಿನ್ನಿನಿಂದ. ಗೇಣುದ್ದ ಇದೆ, ಹೆಬ್ಬೆರಳಿಗಿಂತ ದಪ್ಪ, ಮೇಲೆ ಹಿಡಿಯಲು ಒಂದು ಬಳೆ. ಟ್ರ್ಯಾಕ್ಟರಿಗೂ ಅದರ ಹಿಂದಿನ ಟ್ರೈಲರಿಗೂ ನಡುವೆ ಹಾಕುವ ಪಿನ್ನು ಅದು. ಟ್ರೈಲರಿಗೆ ನಮ್ಮ ಕಡೆ ಡಬ್ಬಿ ಅನ್ನುತ್ತೇವೆ. ಡಬ್ಬಿಯ ಮೂತಿಯನ್ನು ಟ್ರ್ಯಾಕ್ಟರಿನ ಹುಕ್ಕಿಗೆ ತಂದು ಮೇಲಿಂದ ಈ ಪಿನ್ನು ಇಳಿಬಿಟ್ಟರೆ ಆಯಿತು, ಎರಡೂ ಒಂದೇ ಗಾಡಿ. ಈ ಪಿನ್ನು ಮಾತ್ರ ನಡುವೆ ಒಂದು ಬದಿಗೆ ಸವೆದು ಸೊಂಟದ ಹಾಗೆ ಸಣ್ಣಗಾಗಿದೆ. ಕೈಗೆ ಸರಿಯಾಗಿ ಕೂರುವುದು ಆ ಸವೆದ ಜಾಗದಲ್ಲೇ.

ಇದು ನನಗೆ ಬಂದದ್ದು ಎದುರು ಮನೆಯ ಕಾಕಾ ಅವರಿಂದ.

ನಾನು ಮದುವೆಯಾಗಿ ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಈ ಓಣಿಗೆ ಬಂದಾಗ ಕಾಕಾ ಇನ್ನೂ ನೌಕರಿಯಲ್ಲಿದ್ದರು. ಗಾಡಿಗಳ ತಪಾಸಣೆ ಮಾಡುವ ನೌಕರಿ. ಮುಂದೆ ನಿವೃತ್ತರಾದರು, ತಪಾಸಣೆ ಮಾತ್ರ ಬಿಡಲಿಲ್ಲ. ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಉಸುಕಿನ ಡಬ್ಬಿ ಬರುತ್ತಿತ್ತಲ್ಲ, ಡ್ರೈವರ್ ಕೆಳಗೆ ಇಳಿಯುವಷ್ಟರಲ್ಲಿ ಕಾಕಾ ಒಂದು ಕಲ್ಲು ತಂದು ಡಬ್ಬಿಯ ಗಾಲಿಗೆ ಒತ್ತು ಕೊಟ್ಟು ನಿಂತಿರುತ್ತಿದ್ದರು.

"ಸಾಹೇಬ್ರ, ನಾ ಬ್ರೇಕ್ ಹಾಕೇನಿ ಬಿಡ್ರಿ," ಎಂದು ಡ್ರೈವರ್ ನಗುತ್ತಿದ್ದ.

"ನಿನ್ನ ಬ್ರೇಕ್ ಟ್ರ್ಯಾಕ್ಟರಿಗೆ ಆತಪಾ. ಡಬ್ಬಿಗೆ ಯಾರ್ ಹಾಕ್ತಾರ?"

ಇದೇ ಮಾತನ್ನು ಎಷ್ಟು ಡ್ರೈವರುಗಳಿಗೆ ಹೇಳಿದರೋ. ಎಳೆಯುವ ಗಾಡಿಗೆ ಬ್ರೇಕ್ ಇದ್ದರೆ ಸಾಲದು, ಎಳೆಸಿಕೊಳ್ಳುವುದಕ್ಕೂ ಅದರದೇ ಬ್ರೇಕ್ ಇರಬೇಕು. ಪಿನ್ನಿನ ಜೊತೆಗೆ ಒಂದು ಸರಪಳಿ ಇರಬೇಕು, ಪಿನ್ನು ಕೈಬಿಟ್ಟರೆ ಸರಪಳಿ ಹಿಡಿಯಬೇಕು. ಹಿಂದೆ ಕೆಂಪು ದೀಪ ಇರಬೇಕು. ಡಬ್ಬಿಯಲ್ಲಿ ಮಂದಿ ಕೂಡಬಾರದು. ಸಂಜೆ ಕಟ್ಟೆಯ ಮೇಲೆ ಕೂತವರಿಗೆಲ್ಲ ಇದು ಬಾಯಿಪಾಠ ಆಗಿತ್ತು. ನನಗೂ ಆಯಿತು. ಕೊಡ ಹೊತ್ತವಳು ಒಮ್ಮೆಲೇ ನಿಂತರೆ ನೀರು ಮುಂದಕ್ಕೆ ತುಳುಕುತ್ತದೆಯಲ್ಲ, ಡಬ್ಬಿಯೂ ಹಾಗೆಯೇ, ಟ್ರ್ಯಾಕ್ಟರ್ ನಿಂತರೂ ಅದು ಇನ್ನೂ ಬರುತ್ತಲೇ ಇರುತ್ತದೆ ಎಂದು ನನಗೆ ನಾನೇ ಅರ್ಥ ಮಾಡಿಕೊಂಡಿದ್ದೆ.

ಓಣಿಯ ಹೆಣ್ಣುಮಕ್ಕಳು ನಗುತ್ತಿದ್ದರು. "ಕಾಕಾ ಮಂದಿ ಮಾರಿ ನೋಡಂಗಿಲ್ಲ ಬೇ, ಗಾಲಿ ನೋಡಿ ಗುರ್ತ ಹಿಡೀತಾರ."

ಅವರ ಸ್ಕೂಟರಿನ ಡಿಕ್ಕಿಯಲ್ಲಿ ಹೊಳೆಯುವ ಕೆಂಪು ಕಾಗದದ ಸುರುಳಿ ಇರುತ್ತಿತ್ತು. ಹಿಂದೆ ದೀಪ ಇಲ್ಲದ ಡಬ್ಬಿ, ಚಕ್ಕಡಿ ಯಾವುದು ಕಂಡರೂ ಕತ್ತರಿಸಿ ಅಂಟಿಸುವುದು. ಯಾರನ್ನೂ ಕೇಳುತ್ತಿರಲಿಲ್ಲ. ಒಮ್ಮೆ ಅವರ ಹೆಂಡತಿ, ನಾವು ಕಾಕು ಅನ್ನುತ್ತಿದ್ದೆವು, ನಮ್ಮ ಕಟ್ಟೆಗೆ ಬಂದು ಹಣೆ ಬಡಿದುಕೊಂಡರು. "ಒಣದ್ರಾಕ್ಷಿ ತರ್ರಿ ಅಂತ ತಿಕೋಟಾಕ್ಕ ಕಳಿಸಿದ್ರ, ಅಲ್ಲಿ ಮಂದಿ ಡಬ್ಬಿಗೆಲ್ಲಾ ಕೆಂಪು ಕಾಗದ ಹಚ್ಚಿ ಬರೇ ಕೈಲೆ ಬಂದಾರ ನೋಡ ಬೇ!"

ನಾನು ಒಮ್ಮೆ ಕೇಳಿಯೂ ಕೇಳಿದ್ದೆ. ಏನಾದರೂ ಆಗಿತ್ತೇನು ಕಾಕು, ಮನೆಯಲ್ಲಿ ಯಾರಿಗಾದರೂ... ಎಂದು. ಕಾಕು ಸೊಪ್ಪು ಸೋಸುತ್ತಾ ತಲೆ ಎತ್ತಲಿಲ್ಲ. "ಏನೂ ಆಗಿಲ್ಲ ಬೇ. ಮೊದಲಿಂದ ಹಂಗ. ಕೆಲವರಿಗೆ ದೇವರ ಹುಚ್ಚು ಇರ್ತದ, ಇವರಿಗೆ ಗಾಲಿ ಹುಚ್ಚು."

ನನ್ನ ತವರುಮನೆ ಸಾರವಾಡ. ಡೋಣಿ ಹೊಳೆಯ ಕಡೆ ನಮ್ಮ ಎರೆಹೊಲ. ಎಳ್ಳಮಾವಾಸ್ಯೆ ಎಂದರೆ ಬಿಳಿಜೋಳ ತೆನೆ ಹಿರಿಯುವ ಹೊತ್ತು. ಭೂಮಿತಾಯಿ ಬಸುರಿ ಎಂದು ನಂಬುವವರು ನಾವು. ಬಸುರಿಗೆ ಬಯಕೆಯೂಟ ಮಾಡಿಸಿದ ಹಾಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಜೋಳದ ನುಚ್ಚು ಬೇಯಿಸಿದ ಬಾನ ಎಲ್ಲ ಮಾಡಿ, ಬುಟ್ಟಿ ತುಂಬಿ, ಬಿಳಿ ಬಟ್ಟೆ ಮುಚ್ಚಿ ಹೊಲಕ್ಕೆ ಒಯ್ದು ಬೆಳೆಯ ಮೇಲೆ ಚೆಲ್ಲಿ ಬರುತ್ತೇವೆ. ಚರಗ ಚೆಲ್ಲುವುದು ಅನ್ನುತ್ತಾರೆ. ಹೊಲ ಮುಟ್ಟುವ ತನಕ ಆ ಬುಟ್ಟಿಯನ್ನು ನೆಲಕ್ಕೆ ಇಳಿಸಬಾರದು.

ಒಂದು ವರ್ಷ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಬಸುರಿ ಇದ್ದಳು. ಹಿಂದಿನ ಸಲದ್ದು ನಿಂತಿರಲಿಲ್ಲ. ಈ ಸಲ ಅವ್ವ ಆಕೆಯನ್ನು ಅಂಗಳ ಗುಡಿಸಲೂ ಬಿಡುತ್ತಿರಲಿಲ್ಲ. ಆದರೆ ಚರಗಕ್ಕೆ ಮಾತ್ರ ಬರಲೇಬೇಕು ಅಂದಿದ್ದಳು. ಎರಡೂ ಬಸುರು ಒಂದೇ ದಿನ ಉಂಡರೆ ಎರಡೂ ನಿಲ್ಲುತ್ತವೆ ಎಂಬುದು ಅವ್ವನ ಲೆಕ್ಕ. ಅದರಲ್ಲಿ ನನಗೂ ನಂಬಿಕೆ ಇತ್ತು. ಈಗಲೂ ಇದೆ.

ಕಾಕಾ ಮತ್ತು ಕಾಕುವನ್ನು ನಾನೇ ಕರೆದೆ. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ನಾವು ಮೂವರೂ ಬಸ್ಸಿನಲ್ಲಿ ಸಾರವಾಡಕ್ಕೆ ಹೋಗಿ ಇಳಿದೆವು. ಬಸ್ ನಿಲ್ದಾಣದ ಹತ್ತಿರ ಅಣ್ಣ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಹಿಂದೆ ಎರಡು ಗಾಲಿಯ ಹಳೆಯ ಡಬ್ಬಿ. ಅದರೊಳಗೆ ಜೋಳದ ಕಣಿಕೆ ಹಾಸಿ, ಮೇಲೆ ಕೌದಿ ಹಾಸಿ, ಅವ್ವ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ವೈನಿ, ಹಸಿರು ಸೀರೆ, ಕೈತುಂಬ ಬಳೆ.

ಕಾಕಾ ಯಾರಿಗೂ ನಮಸ್ಕಾರ ಮಾಡಲಿಲ್ಲ. ನೇರ ಹೋಗಿ ಡಬ್ಬಿಯ ಮೂತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು.

"ತಮ್ಮಾ, ಪಿನ್ನಿನ ಕ್ಲಿಪ್ ಎಲ್ಲಿ?"

"ಬಿದ್ದೈತ್ರಿ ಎಲ್ಲ್ಯೋ. ತಂತಿ ಕಟ್ಟೇನಲ್ರಿ."

"ಪಿನ್ನು ಸವದೈತಿ. ಇಲ್ಲಿ ನೋಡು, ಸೊಂಟ ಎಷ್ಟು ಸಣ್ಣ ಆಗೇತಿ."

"ಸೊಂಟ ಸಣ್ಣಿದ್ರ ಚಂದ ಅಲ್ರಿ ಕಾಕಾ," ಅಂದ ಅಣ್ಣ. ವೈನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಾಕುವೂ ನಕ್ಕರು.

ಕಾಕಾ ನಗಲಿಲ್ಲ. "ಡಬ್ಬಿಗೆ ಬ್ರೇಕ್ ಐತೇನು?"

"ಈ ಊರಾಗ ಯಾರ ಡಬ್ಬಿಗೆ ಐತ್ರಿ?"

"ಹಂಗಾರ ಇದರಾಗ ಮಂದಿ ಕುಂಡ್ರಂಗಿಲ್ಲ. ಇದು ಕಾಳುಕಡಿಗೆ ಇರೂದು."

ಅವ್ವ ಬುಟ್ಟಿಯನ್ನು ಇನ್ನಷ್ಟು ತಬ್ಬಿಕೊಂಡಳು. "ಬಸುರಿ ಸೊಸಿ ಎರಿ ಮಣ್ಣಾಗ ನಡೀಬೇಕೇನ್ರಿ ಸಾಹೇಬ್ರ? ನೀವ ಹೊತ್ತಕೊಂಡು ನಡೀತೀರೇನು?"

"ಯವ್ವಾ, ಮುಂದ ಇಳುಕಲು ಐತಿ. ಈ ಪಿನ್ನು ಕಳಚ್ತು ಅಂದ್ರ ಡಬ್ಬಿ ಹಳ್ಳಕ್ಕ ಹೋಗ್ತದ. ಒಳಗ ಕುಂತವರು..."

ಅವ್ವ ಪೂರ್ತಿ ಕೇಳಲಿಲ್ಲ. ಪಕ್ಕಕ್ಕೆ ಥೂ ಥೂ ಎಂದು ಉಗುಳಿದಳು, ವೈನಿಯ ಹೊಟ್ಟೆಯ ಮೇಲೆ ಸೆರಗು ಎಳೆದಳು. "ಅಮಾಸಿ ದಿನ, ಬಸುರಿ ಮುಂದ, ಎಂಥಾ ಮಾತ್ರೀ ಇವು! ನಾಲಿಗಿ ಮ್ಯಾಲ ದೇವರು ಇರ್ತಾನ ಅನ್ನೂದು ಗೊತ್ತಿಲ್ಲೇನು ನಿಮಗ?"

ನಮ್ಮ ಕಡೆ ಹಾಗೆ. ಆಗಬಾರದ್ದನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಕರೆದ ಹಾಗೆ. ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಅನ್ನುವುದಿಲ್ಲ, ಹೆಚ್ಚಾಯಿತು ಅನ್ನುತ್ತೇವೆ. ದೀಪ ಆರಿತು ಅನ್ನುವುದಿಲ್ಲ, ದೊಡ್ಡದಾಯಿತು ಅನ್ನುತ್ತೇವೆ. ಕಾಕಾ ಜೀವನವಿಡೀ ಮಾಡಿದ ನೌಕರಿ ಆಗಬಾರದ್ದನ್ನು ಬಾಯಿಬಿಟ್ಟು ಹೇಳುವುದೇ ಆಗಿತ್ತು.

ಕಾಕಾ ಎದ್ದರು. ಡಬ್ಬಿಯ ಮೂಲೆಯಲ್ಲಿ ಬಿದ್ದಿದ್ದ ನೇಗಿಲಿನ ಸರಪಳಿ ಎಳೆದು ತೆಗೆದರು. ಡಬ್ಬಿಯ ಮೂತಿಯ ಕೆಳಗಿಂದ ಹಾಯಿಸಿ ಟ್ರ್ಯಾಕ್ಟರಿಗೆ ಬಿಗಿದು ಕಟ್ಟಿದರು. ಪಿನ್ನು ಬಿಟ್ಟರೂ ಮೂತಿ ನೆಲಕ್ಕೆ ತಾಗಬಾರದು, ಅಷ್ಟೇ ಸಡಿಲ. ಟ್ರ್ಯಾಕ್ಟರಿಗೆ ಬ್ರೇಕಿನ ಎರಡು ಪೆಡಲ್ ಇರುತ್ತವಂತೆ, ಹೊಲದಲ್ಲಿ ತಿರುಗಿಸಲು ಬಿಡಿ ಬಿಡಿ ತುಳಿಯುತ್ತಾರಂತೆ. ಹಾದಿಗೆ ಬಂದಮೇಲೆ ಎರಡಕ್ಕೂ ಕೂಡಿಸಿ ಕೊಂಡಿ ಹಾಕದಿದ್ದರೆ ಒಂದೇ ಗಾಲಿ ಹಿಡಿದು ಗಾಡಿ ಅಡ್ಡ ತಿರುಗುತ್ತದಂತೆ. ಅಣ್ಣನ ಕೈಯಿಂದ ಆ ಕೊಂಡಿ ಹಾಕಿಸಿದರು. ನಮಗೆಲ್ಲ ಡಬ್ಬಿಯ ಅಂಚಿನ ಮೇಲೆ ಕೂಡಬೇಡಿ, ಕೆಳಗೆ ಕೂಡಿ ಅಂದರು. ಆಮೇಲೆ ಟ್ರ್ಯಾಕ್ಟರಿನ ಮುಂದೆ ಹೋಗಿ, ಹಾದಿಯ ಬದಿ ಹಿಡಿದು ನಿಂತರು.

"ಹತ್ರಿ ಕಾಕಾ," ಅಂದ ಅಣ್ಣ.

"ನಾ ನಡೀತೇನಿ. ನೀ ನನ್ನ ಹಿಂದ ಬಾ."

"ಹೊಲ ದೂರ ಐತ್ರಿ!"

ಆಗ ಕಾಕಾ ಅಂದ ಮಾತು ನನಗೆ ಡಬ್ಬಿಯೊಳಗೂ ಕೇಳಿಸಿತು. "ಹಿಂದ ಹೆಣ್ಮಕ್ಕಳು ಕುಂತಾರ ಅಂತ ನೀ ಸಾವಕಾಶ ಹೊಡಿಯಂಗಿಲ್ಲ ತಮ್ಮಾ. ಹಿಂದಿನದು ಯಾರಿಗೂ ಕಾಣಂಗಿಲ್ಲ. ಮುಂದ ಒಬ್ಬ ಮುದುಕ ಹೊಂಟಾನ ಅಂದ್ರ ಹೊಡೀತಿ."

ಹಾಗೆ ಹೊರಟೆವು. ಬಿಳಿ ಅಂಗಿ, ಕೈ ಎರಡೂ ಬೆನ್ನ ಹಿಂದೆ, ಕಾಕಾ ಮುಂದೆ ಮುಂದೆ. ಹಿಂದೆ ಟ್ರ್ಯಾಕ್ಟರ್ ಗುರ್ ಗುರ್ ಎಂದು ಮೊದಲನೆಯ ಗೇರಿನಲ್ಲಿ. ಎರಡೂ ಬದಿಗೆ ಜೋಳ, ನಡುನಡುವೆ ಕುಸುಬೆಯ ಹೂವು. ಉಳಿದವರ ಟ್ರ್ಯಾಕ್ಟರುಗಳೆಲ್ಲ ಡಬ್ಬಿ ತುಂಬ ಮಂದಿ ಹಾಕಿಕೊಂಡು, ಹಾಡು ಹಚ್ಚಿಕೊಂಡು, ನಮ್ಮನ್ನು ದಾಟಿ ಹೋದವು. ಬೈಕಿನ ಮೇಲೆ ಹೋಗುವವನೊಬ್ಬ ತಿರುಗಿ ಕೂಗಿದ. "ಏನಲೇ, ಪಲ್ಲಕ್ಕಿ ಹೊಂಟೈತೇನು? ನಾವೂ ಕಾಯಿ ಒಡೀಬೇಕೇನು?"

ಅಣ್ಣನ ಕಿವಿ ಕೆಂಪಗಾದದ್ದು ಹಿಂದಿನಿಂದ ಕಾಣುತ್ತಿತ್ತು. ಹೊಸ ಟ್ರ್ಯಾಕ್ಟರು, ಊರ ಮಂದಿಯ ಮುಂದೆ, ಎಮ್ಮೆಯ ಹಿಂದೆ ಹೋದ ಹಾಗೆ ಹೋಗುವುದು ಅವನಿಗೆ ಅವಮಾನ ಅನ್ನಿಸಿರಬೇಕು. ಸುಮ್ಮಸುಮ್ಮನೆ ಹಾರ್ನ್ ಹೊಡೆದ. ಕಾಕಾ ಹಿಂದಿರುಗಿ ನೋಡಲಿಲ್ಲ.

ಹಳ್ಳಕ್ಕೆ ಇಳಿಯುವ ಇಳುಕಲಿನ ನಡುವೆ ಮಳೆಗಾಲದ ನೀರು ಕೊರೆದ ಒಂದು ತಗ್ಗು ಇದೆ. ಟ್ರ್ಯಾಕ್ಟರಿನ ಗಾಲಿ ಅದರಲ್ಲಿ ಇಳಿದು ಹತ್ತಿತು. ಡಬ್ಬಿಯ ಗಾಲಿ ಇಳಿಯಿತು... ಆಮೇಲೆ ಒಂದು ಸಪ್ಪಳ. ದೊಡ್ಡದಲ್ಲ. ಉಕ್ಕಿನ ಲೋಟ ಬಿದ್ದಂಥದ್ದು. ನಾವೆಲ್ಲ ಕೂತ ಹಾಗೆಯೇ ಮುಂದಕ್ಕೆ ಜಾರಿದೆವು. ಡಬ್ಬಿಯ ಮೂತಿ ಕೆಳಗೆ ಕುಸಿಯಿತು, ಮತ್ತೆ ಕುಸಿಯಲಿಲ್ಲ. ಸರಪಳಿಗೆ ಜೋತು ನಿಂತಿತ್ತು, ಗೂಟಕ್ಕೆ ಕಟ್ಟಿದ ಕರು ಹಗ್ಗ ಜಗ್ಗಿ ನಿಂತ ಹಾಗೆ. ತಂತಿ ಹರಿದು ಪಿನ್ನು ಹಾರಿ ಹೋಗಿತ್ತು. ಅಣ್ಣ ಗಾಡಿ ನಿಲ್ಲಿಸಿದ. ನಡಿಗೆಯ ವೇಗದಲ್ಲಿತ್ತಲ್ಲ, ಅಲ್ಲಿಯೇ ನಿಂತಿತು. ಡಬ್ಬಿ ಒಮ್ಮೆ ಬಂದು ಟ್ರ್ಯಾಕ್ಟರಿನ ಬೆನ್ನಿಗೆ ಧಡ್ ಎಂದು ತಾಗಿ ಸುಮ್ಮನಾಯಿತು. ನಾನು ವೈನಿಯನ್ನು ಹಿಡಿದಿದ್ದೆ. ಅವ್ವನೂ ವೈನಿಯನ್ನು ಹಿಡಿದಿದ್ದಳು.

ಹಾಗಾಗಿ ಬುಟ್ಟಿಯನ್ನು ಯಾರೂ ಹಿಡಿದಿರಲಿಲ್ಲ.

ಕಾಕಾ ಆಗಲೇ ಒಂದು ಕಲ್ಲು ತಂದು ಡಬ್ಬಿಯ ಗಾಲಿಯ ಮುಂದೆ ಒತ್ತಿದ್ದರು. ಎದ್ದು ನಿಂತು ಮೊದಲು ವೈನಿಯ ಕಡೆ ನೋಡಿದರು. ವೈನಿ ತಲೆ ಅಲ್ಲಾಡಿಸಿದಳು, ಏನೂ ಆಗಿಲ್ಲ ಎಂಬಂತೆ. ಆಗ ನಾವೆಲ್ಲ ಹಾದಿಯನ್ನು ನೋಡಿದೆವು. ಬುಟ್ಟಿ ಡಬ್ಬಿಯ ಅಂಚು ದಾಟಿ ಉರುಳಿ ಬಿದ್ದಿತ್ತು. ಕರಿಮಣ್ಣಿನ ಮೇಲೆ ಬಾನ, ಹೋಳಿಗೆ, ರೊಟ್ಟಿ. ಬಿಳಿ ಬಟ್ಟೆ ಮುಳ್ಳಿಗೆ ಸಿಕ್ಕಿತ್ತು.

ಅವ್ವನ ಬಾಯಿಂದ ಮಾತು ಮೆಲ್ಲಗೆ ಬಂತು. "ಭೂಮಿತಾಯಿ ಬಯಕಿ ಹಾದ್ಯಾಗ ಚೆಲ್ತು. ನೀವು ನುಡದ್ರಿ, ಅದು ಆತು. ನನ್ನ ಸೊಸಿಗೆ ಏನರ ಆತಂದ್ರ..."

ಕಾಕಾ ಸರಪಳಿಯನ್ನು ತೋರಿಸಬಹುದಿತ್ತು. ಅಣ್ಣನೂ ತೋರಿಸಬಹುದಿತ್ತು, ಅವನು ಹೆಗಲ ಮೇಲಿನ ಟವೆಲ್ಲಿನಿಂದ ಸ್ಟೇರಿಂಗ್ ಒರೆಸುತ್ತಾ ಕೂತಿದ್ದ. ವೈನಿಯ ಮುಖ ಮಾತ್ರ ಆಗ ಬಿಳಿಚಿಕೊಂಡಿತ್ತು. ಡಬ್ಬಿ ಕುಸಿದಾಗ ಹೆದರದವಳು ಅವ್ವನ ಮಾತಿಗೆ ಹೆದರಿದ್ದಳು. ಕಾಕಾ ಅದನ್ನು ನೋಡಿದರು.

"ಹೌದ್ರಿ ಯವ್ವಾ," ಅಂದರು. "ನನ್ನ ನಾಲಿಗಿ ಕೆಟ್ಟದ್ದು. ಏನಿದ್ರೂ ನನ್ನ ತಲಿ ಮ್ಯಾಲ ಬರ್ಲಿ. ಈ ಮಗಳಿಗೆ ಏನೂ ಹತ್ತಂಗಿಲ್ಲ."

ವೈನಿಗೆ ಉಸಿರು ಬಂತು.

ಗಾಡಿಯನ್ನು ಅಲ್ಲಿಯೇ ಬಿಟ್ಟು, ಬುಟ್ಟಿಯ ತಳದಲ್ಲಿ ಉಳಿದದ್ದನ್ನು ನಡೆದೇ ಒಯ್ದು ಚರಗ ಚೆಲ್ಲಿದೆವು. ಬನ್ನಿ ಗಿಡದ ಕೆಳಗೆ ಪಾಂಡವರೆಂದು ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿದೆವು. ಕಾಕಾ ಹೊಲದೊಳಗೆ ಬರಲಿಲ್ಲ. ಬೇವಿನ ಗಿಡದ ಕೆಳಗೆ, ಗಾಡಿಯ ಹತ್ತಿರವೇ ಕೂತರು. ಕಾಕು ಒಂದು ಎಲೆಯಲ್ಲಿ ಊಟ ಒಯ್ದುಕೊಟ್ಟರು. ತಿರುಗಿ ಬರುವಾಗ ಹಾದಿಯ ಬದಿಗೆ ಬಿದ್ದಿದ್ದ ಪಿನ್ನನ್ನು ಕಾಕಾ ಹೆಕ್ಕಿ ಕೈಚೀಲದಲ್ಲಿ ಹಾಕಿಕೊಂಡರು. ಎಣ್ಣೆಗಾಯಿ ಚಲೋ ಆಗಿತ್ತು ಎಂದು ಬಸ್ಸಿನಲ್ಲಿ ನನಗೆ ಹೇಳಿದರು.

ವೈನಿಗೆ ಹುಡುಗಿ ಹುಟ್ಟುವ ತನಕ ಅವ್ವ ಫೋನ್ ಮಾಡಿದಾಗಲೆಲ್ಲ ಅದೇ ಮಾತು. ಏನಾದರೂ ಹೆಚ್ಚುಕಡಿಮೆ ಆದರೆ ಆ ಸಾಹೇಬನ ಬಾಯಿಂದಲೇ ಎಂದು. ಕಾಕಾ ವೈನಿಯ ಸುದ್ದಿಯನ್ನು ನೇರ ಕೇಳುತ್ತಿರಲಿಲ್ಲ. ಹಾಲು ತೆಗೆದುಕೊಳ್ಳಲು ಬಾಗಿಲಿಗೆ ಬಂದಾಗ, "ಊರ ಕಡೆ ಎಲ್ಲಾ ಆರಾಮ ಏನ್ ತಂಗಿ?" ಅನ್ನುತ್ತಿದ್ದರು. ಆರಾಮ್ರಿ ಕಾಕಾ, ಅನ್ನುತ್ತಿದ್ದೆ. ತಲೆ ಅಲ್ಲಾಡಿಸಿ ಒಳಗೆ ಹೋಗುತ್ತಿದ್ದರು. ಕೂಸು ಆದ ಸುದ್ದಿ ಬಂದ ದಿನ ಸಕ್ಕರೆ ಒಯ್ದು ಕೊಟ್ಟೆ. ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಹಾದಿಯ ಕಡೆ ನೋಡುತ್ತಾ ನಿಂತರು. ಹಾದಿಯಲ್ಲಿ ಯಾವ ಗಾಡಿಯೂ ಇರಲಿಲ್ಲ.

ಹೆಸರಿಡುವ ದಿನ ಅವ್ವ ಹೇಳಿಕಳಿಸಿದಳು, ಕಾಕು ಒಬ್ಬರೇ ಬರಲಿ ಎಂದು. ಕೂಸಿನ ಮುಂದೆ ಅವರ ಬಾಯಿ ಬೇಡ. ನಾನು ಅದನ್ನು ಹೇಗೆ ಸುತ್ತಿ ಬಳಸಿ ಹೇಳಿದರೂ ಕಾಕುವಿಗೆ ತಿಳಿಯಿತು. "ನನಗ ಅವತ್ತ ಹಿಟ್ಟ ಬೀಸಿಸಾಕ ಹೋಗೂದೈತಿ ಬೇ," ಅಂದರು. ಅಲ್ಲಿಗೆ ಮುಗಿಯಿತು. ಆಮೇಲೆ ನಮ್ಮ ಹೊಲಕ್ಕೆ ಅವರಿಬ್ಬರೂ ಬರಲಿಲ್ಲ, ಯಾರೂ ಕರೆಯಲೂ ಇಲ್ಲ.

ಮುಂದಿನ ವರ್ಷದಿಂದ ಅವ್ವ ಹೊಸದೊಂದು ಹಚ್ಚಿಕೊಂಡಳು. ಚರಗಕ್ಕೆ ಹೋಗುವಾಗ ಆ ಇಳುಕಲಿನ ತಲೆಗೆ ಟ್ರ್ಯಾಕ್ಟರ್ ನಿಲ್ಲಿಸಬೇಕು. ಬುಟ್ಟಿಯ ಬಟ್ಟೆ ಸರಿಸಿ ಮೊದಲ ತುತ್ತು ಬಾನವನ್ನು ಆ ಹಾದಿಗೇ ಚೆಲ್ಲಬೇಕು. ಒಮ್ಮೆ ಅಲ್ಲಿ ಉಂಡ ನೆಲ, ಮತ್ತೆ ಕೇಳಬಾರದಲ್ಲ ಎಂದು. ಕೊಡದಿದ್ದರೆ ತಾನೇ ತೆಗೆದುಕೊಳ್ಳುತ್ತದೆ ಎಂದು. ಅವ್ವ ಚೆಲ್ಲಿ, ಕೈ ಮುಗಿದು, ಬಾಯಲ್ಲಿ ಅಂದುಕೊಳ್ಳುವುದು ಮುಗಿಯುವ ತನಕ ಅಣ್ಣನಿಗೆ ಅಲ್ಲಿ ಬೇರೆ ಕೆಲಸ ಇರುವುದಿಲ್ಲ. ಇಳಿದು ಹಿಂದೆ ಬರುತ್ತಾನೆ. ಪಿನ್ನು ನೋಡುತ್ತಾನೆ, ಕ್ಲಿಪ್ ನೋಡುತ್ತಾನೆ, ಸರಪಳಿ ಕಾಲಿನಿಂದ ಒದ್ದು ನೋಡುತ್ತಾನೆ. ಹೊಸ ಪಿನ್ನು ಅವನು ಆ ವರ್ಷವೇ ತಂದಿದ್ದ. ಸರಪಳಿಯನ್ನೂ ಬಿಚ್ಚಲಿಲ್ಲ. ಬಿಚ್ಚಬೇಕು ಎಂದು ಯಾರಿಗೂ ನೆನಪಾಗಲಿಲ್ಲವೋ ಏನೋ. ಅಲ್ಲಿಂದ ಮುಂದೆ ಸಾವಕಾಶ ಇಳಿಯುತ್ತಾನೆ. ನಾವು ಡಬ್ಬಿಯಲ್ಲೇ ಕೂತು ಹೋಗುತ್ತೇವೆ, ಅದು ತಪ್ಪಲಿಲ್ಲ. ಬ್ರೇಕನ್ನು ಈಗಲೂ ಹಾಕಿಸಿಲ್ಲ.

ಇದನ್ನು ನಾನು ಕಾಕಾ ಅವರಿಗೆ ಹೇಳಿದ್ದು ತೀರ ತಡವಾಗಿ. ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಲು ಎತ್ತಿಡಲು ಆಗದೆ ಹಾಸಿಗೆ ಹಿಡಿದಿದ್ದರು. ನಾನು ಗಂಜಿ ಒಯ್ದಿದ್ದೆ. ಏನಾದರೂ ಮಾತಾಡಬೇಕಲ್ಲ ಎಂದು ಸುಮ್ಮನೆ ಹೇಳಿದೆ. "ಅವ್ವ ಪ್ರತಿ ವರ್ಷ ಆ ಇಳುಕಲಿನ್ಯಾಗ ಗಾಡಿ ನಿಲ್ಲಸ್ತಾಳ್ರಿ ಕಾಕಾ. ಚೆಲ್ಲಿ ಮುಂದ ಹೋಗ್ತೇವಿ."

ಸಂತೋಷಪಟ್ಟಾರು ಅಂದುಕೊಂಡಿದ್ದೆ. ಅವರು ದಿಂಬಿನಿಂದ ತಲೆ ಸ್ವಲ್ಪ ಎತ್ತಿದರು.

"ನಿಲ್ಲಿಸಿದಾಗ ಡಬ್ಬಿ ಗಾಲಿಗೆ ಕಲ್ಲು ಕೊಡ್ತಾರೇನು?"

ನನಗೆ ಗೊತ್ತಿರಲಿಲ್ಲ. "ನೋಡಿಲ್ರಿ. ಈ ಸಲ ಹೋದಾಗ ನೋಡಿ ಹೇಳ್ತೇನಿ."

"ನೋಡು. ಇಳುಕಲಿದ್ರ ಗಾಲಿ ಮುಂದ ಕೊಡಬೇಕು. ಭಾಳ ಮಂದಿ ಹಿಂದ ಕೊಟ್ಟು ಕೈ ಝಾಡಿಸ್ಕೊಂಡು ಹೋಗ್ತಾರ."

"ಗಂಜಿ ಆರ್ತದ, ಕುಡೀರಿ ಮೊದಲ," ಎಂದು ಕಾಕು ಬೈದರು.

ದೀಪಾವಳಿ ಆದ ಮೇಲೆ ಕಾಕಾ ಹೋದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಎದುರು ಮನೆಯಿಂದ ಕಾಕುವಿನ ದನಿ ಕೇಳಿಸಿತು, ತಿಳಿಯಿತು. ಹಂಚಿನ ಮೇಲಿನ ರೊಟ್ಟಿಯನ್ನು ಹೊರಳಿಸಿದೆ, ಬೇಯಿಸಿದೆ, ಬುಟ್ಟಿಯಲ್ಲಿ ಇಟ್ಟೆ, ಒಲೆ ಆರಿಸಿದೆ, ಕೈ ತೊಳೆದುಕೊಂಡೆ. ಆಮೇಲೆ ಹೋದೆ. ಅಳು ಬರಲಿಲ್ಲ. ಮಂದಿ ಅಳುತ್ತಿದ್ದರು, ನಾನು ಕಾಕುವಿನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಿದ್ದೆ. ಹಾಸಿಗೆಯ ಮೇಲೆ ಹೋದರು, ಹಾದಿಯ ಮೇಲಲ್ಲ. ಕಾಕು ಹತ್ತಿರ ಇದ್ದರು. ಬಾಯಿಗೆ ನೀರು ಬಿಡುವಷ್ಟು ಹೊತ್ತು ಶಿವ ಕೊಟ್ಟಿದ್ದ. ಇವೆಲ್ಲ ಪುಣ್ಯವೇ ಎಂದು ಒಂದೊಂದಾಗಿ ಅಂದುಕೊಂಡೆ. ಅಂದುಕೊಂಡರೂ ಒಳಗೆ ಏನೂ ಅಲುಗಾಡಲಿಲ್ಲ... ಇವತ್ತಿನ ತನಕ ಹಾಗೆಯೇ ಇದೆ.

ದಿನಕರ್ಮ ಮುಗಿದ ಮೇಲೆ ಕಾಕುವನ್ನು ಮಗಳು ಬಬಲೇಶ್ವರಕ್ಕೆ ಕರೆದುಕೊಂಡು ಹೋದಳು. ಹೊರಡುವ ಮುಂಚೆ ಕಾಕು ತುಳಸಿಯ ಕುಂಡ ನನಗೆ ಕೊಟ್ಟರು, ಜೊತೆಗೆ ಈ ಪಿನ್ನು. ಇಷ್ಟು ವರ್ಷ ಅದು ಅವರ ಕಿಟಕಿಯಲ್ಲಿ ಪೇಪರು ಹಾರದಂತೆ ಕೂತಿತ್ತಂತೆ. "ನಾ ಒಯ್ದು ಏನ್ ಮಾಡ್ಲಿ ಬೇ. ನೀ ಶುಂಠಿ ಕುಟ್ಟಾಕ ಇಟ್ಗೋ."

ನಿನ್ನೆ ಎಳ್ಳಮಾವಾಸ್ಯೆ. ಡಬ್ಬಿಯಲ್ಲಿ ಅವ್ವ, ವೈನಿ, ನಾನು, ಆ ಹುಡುಗಿ. ಈಗ ನನ್ನ ಹೆಗಲಿಗೆ ಬಂದಿದ್ದಾಳೆ. ಕಾಕಾ ಹೋದದ್ದನ್ನು ಅವ್ವನಿಗೆ ಆಗಲೇ ಹೇಳಿದ್ದೆ, ಪಾಪ, ಅಂದಿದ್ದಳು. ಇಳುಕಲಿನ ತಲೆಗೆ ಗಾಡಿ ನಿಂತಿತು. ಅವ್ವ ಬಟ್ಟೆ ಸರಿಸಿ ಮೊದಲ ತುತ್ತು ಚೆಲ್ಲಿದಳು, ಕೈ ಮುಗಿದಳು. ನಿನ್ನೆ ಕೈ ಮುಗಿದದ್ದು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಅನ್ನಿಸಿತು. ನನಗೆ ಹಾಗೆ ಬೇಕಾಗಿತ್ತೋ ಏನೋ. ಅಣ್ಣ ಇಳಿದು ಬಂದು ಪಿನ್ನು ನೋಡಿದ, ಸರಪಳಿ ಒದ್ದ. ನಾನು ಡಬ್ಬಿಯ ಅಂಚಿನಿಂದ ಬಗ್ಗಿ ಗಾಲಿ ನೋಡಿದೆ.

ಕಲ್ಲು ಇರಲಿಲ್ಲ.

ನಾನು ಇಳಿದೆ. ಮೊಣಕಾಲು ನೋವಿಗೆ ಇಳಿಯುವುದೇ ತ್ರಾಸ. ಒಡ್ಡಿನ ಹತ್ತಿರ ಒಂದು ಕಲ್ಲು ಸಿಕ್ಕಿತು. ಎರಡೂ ಕೈಯಲ್ಲಿ ಎತ್ತಿ ತಂದು ಗಾಲಿಗೆ ಕೊಟ್ಟೆ, ಮುಂದೆ.

"ಅತ್ತೀ, ಏನ್ ಮಾಡಾಕತ್ತಿ?" ಎಂದು ಹುಡುಗಿ ಮೇಲಿಂದ ಕೇಳಿದಳು.

"ಬ್ರೇಕ್ ಹಾಕೇನಲ್ಲ ತಂಗಿ," ಅಂದ ಅಣ್ಣ.

ನಾನು ಉತ್ತರ ಕೊಟ್ಟಿದ್ದರೆ ಅದು ಕಾಕಾ ಅವರ ಮಾತಾಗುತ್ತಿತ್ತು, ನನ್ನದಲ್ಲ. ಅಣ್ಣ ನನ್ನ ಮುಖ ನೋಡಿದ, ಕಲ್ಲು ನೋಡಿದ. ಅವನಿಗೂ ಏನೋ ನೆನಪಾಗಿರಬೇಕು, ಟವೆಲ್ ತೆಗೆದು ಕುತ್ತಿಗೆ ಒರೆಸಿಕೊಂಡ. ನಾನು ಡಬ್ಬಿ ಹತ್ತಿ ಕೂತ ಮೇಲೆ ಬಗ್ಗಿ ಆ ಕಲ್ಲು ತೆಗೆದ. ಬದಿಗೆ ಒಗೆಯುತ್ತಾನೆ ಅಂದುಕೊಂಡೆ. ಒಗೆಯಲಿಲ್ಲ. ಮಣ್ಣು ಝಾಡಿಸಿ ಡಬ್ಬಿಯ ಮೂಲೆಯಲ್ಲಿ, ಅವ್ವನ ಕಾಲಿನ ಹತ್ತಿರ ಇಟ್ಟು, ಹೋಗಿ ಗಾಡಿ ಚಾಲೂ ಮಾಡಿದ. ಅವ್ವ ಕಾಲು ಸರಿಸಿ ಅದಕ್ಕೆ ಜಾಗ ಕೊಟ್ಟಳು.

ಚಹಾ ಕುದಿಯಿತು. ಪಿನ್ನು ತೊಳೆದು, ಒರೆಸಿ, ಕಿಟಕಿಯಲ್ಲಿ ಇಟ್ಟೆ. ಅಲ್ಲಿಂದ ಎದುರು ಮನೆ ಕಾಣುತ್ತದೆ. ಬಾಗಿಲಿಗೆ ಕೀಲಿ ಇದೆ, ಕಟ್ಟೆಯ ಮೇಲೆ ಧೂಳು ಕೂತಿದೆ, ಕಟ್ಟೆಯ ಕೆಳಗೆ ಅವರು ಉಸುಕಿನ ಡಬ್ಬಿಗಳಿಗೆ ಕೊಡುತ್ತಿದ್ದ ಕಲ್ಲು ಹಾಗೆಯೇ ಬಿದ್ದಿದೆ. ನೋಡಿ ಹೇಳುತ್ತೇನೆ ಅಂದಿದ್ದೆ. ನೋಡಿದೆ.